ಟ್ರ್ಯಾಕ್ಟರ್ ಡೀಸೆಲ್ ಮತ್ತು ಆ್ಯಡಿಟಿವ್: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಟ್ಟರೆ, ಎಳೆತ ತಗ್ಗಿದರೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಹಲವರ ಕೈ ಮೊದಲು ಹೋಗುವುದು ಆ್ಯಡಿಟಿವ್ ಬಾಟಲಿಯ ಕಡೆಗೆ. ಆ ಬಾಟಲಿಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ. ಆದರೆ ಕಾಯಿಲೆ ಏನೆಂದು ನೋಡದೆ ಮದ್ದು ಸುರಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಡೀಸೆಲ್ ಆ್ಯಡಿಟಿವ್ ಎಂದರೆ ಏನು? ಎಲ್ಲ ಬಾಟಲಿಗಳೂ ಒಂದೇ ಕೆಲಸ ಮಾಡುತ್ತವೆಯೇ?

ಇಲ್ಲ. ಡೀಸೆಲ್‌ಗೆ ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕಗಳಿಗೆಲ್ಲ ಒಟ್ಟಾಗಿ ಆ್ಯಡಿಟಿವ್ ಎನ್ನುತ್ತಾರೆ. ಒಂದೊಂದರ ಕೆಲಸವೂ ಬೇರೆ.

ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ತುದಿಯ ರಂಧ್ರಗಳಲ್ಲಿ ಕಟ್ಟಿಕೊಳ್ಳುವ ಮಸಿಯನ್ನು ಬಿಡಿಸುವುದು ಡಿಟರ್ಜೆಂಟ್ ಬಗೆ. ಸಿಂಪರಣೆ ನವಿರಾಗಿ ಹರಡದೆ ಹನಿಹನಿಯಾಗಿ ಬೀಳುತ್ತಿದ್ದರೆ ಇದು ಕೆಲಸಕ್ಕೆ ಬರುತ್ತದೆ. ಸೀಟೇನ್ ಹೆಚ್ಚಿಸುವುದು ಇನ್ನೊಂದು ಬಗೆ. ಸಿಲಿಂಡರ್ ಒಳಗೆ ಸಿಂಪಡಿಸಿದ ಡೀಸೆಲ್ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆಯೇ ಸೀಟೇನ್ ಸಂಖ್ಯೆ. ಅದನ್ನು ಕೆಲವು ಅಂಕ ಮೇಲೇರಿಸಲು ಸಾಮಾನ್ಯವಾಗಿ ಬಳಸುವ ವಸ್ತು 2-ಈಥೈಲ್‌ಹೆಕ್ಸೈಲ್ ನೈಟ್ರೇಟ್. ಪಂಪ್ ಮತ್ತು ಇಂಜೆಕ್ಟರ್‌ಗಳ ಸವೆತ ತಡೆಯಲು ಜಾರಿಕೆ ಹೆಚ್ಚಿಸುವ ಬಗೆಯೊಂದಿದೆ. ಚಳಿಯಲ್ಲಿ ಮೇಣ ಕಟ್ಟದಂತೆ ನೋಡಿಕೊಳ್ಳುವುದು, ನೀರನ್ನು ಬೇರ್ಪಡಿಸುವುದು, ಸೂಕ್ಷ್ಮಜೀವಿಗಳನ್ನು ಕೊಲ್ಲುವುದು, ಬಹುದಿನ ಶೇಖರಿಸಿದ ಡೀಸೆಲ್ ಹಳಸದಂತೆ ಕಾಯುವುದು ಎಂದು ಉಳಿದವೂ ಹೀಗೆಯೇ ತಮ್ಮ ತಮ್ಮ ಕೆಲಸಕ್ಕೆ ಮೀಸಲು. ಹಲವನ್ನು ಕೂಡಿಸಿದ ಬಾಟಲಿಗಳೂ ಸಿಗುತ್ತವೆ. ಒಳಗೇನಿದೆ, ಯಾವ ಕೆಲಸಕ್ಕೆ, ಲೀಟರಿಗೆ ಎಷ್ಟು ಎಂಬ ಮೂರು ಸಂಗತಿಗಳೂ ಚೀಟಿಯ ಮೇಲಿಲ್ಲದ ಬಾಟಲಿಯನ್ನು ನಾನು ಕೊಳ್ಳುವುದಿಲ್ಲ.

ಬಂಕ್‌ನಲ್ಲಿ ಸಿಗುವ ಡೀಸೆಲ್‌ನಲ್ಲಿ ಇವು ಮೊದಲೇ ಇರುವುದಿಲ್ಲವೇ?

ಅವಶ್ಯವಿದ್ದಷ್ಟು ಇರುತ್ತವೆ. ಡೀಸೆಲ್‌ನಿಂದ ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಅದರ ಸಹಜ ಜಾರಿಕೆಯೂ ಹೊರಟುಹೋಗುತ್ತದೆ. ಯುರೋಪಿನ ಇಎನ್ 590 ಮಾನದಂಡದ ಪ್ರಕಾರ ಒಂದು ಕಿಲೋ ಡೀಸೆಲ್‌ನಲ್ಲಿ ಗಂಧಕ 10 ಮಿಲಿಗ್ರಾಂ ದಾಟಬಾರದು, ಸೀಟೇನ್ ಸಂಖ್ಯೆ 51ಕ್ಕಿಂತ ಕಡಿಮೆ ಇರಬಾರದು. ಜಾರಿಕೆಗೂ ಮಿತಿ ಇದೆ. ಪ್ರಯೋಗಾಲಯದಲ್ಲಿ ಡೀಸೆಲ್‌ನಲ್ಲಿ ಮುಳುಗಿದ ಉಕ್ಕಿನ ಗುಂಡನ್ನು ತಟ್ಟೆಯ ಮೇಲೆ ಉಜ್ಜಿದಾಗ ಬೀಳುವ ಸವೆತದ ಗುರುತು 460 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮೀರಬಾರದು. ಆ ಮಿತಿಯೊಳಗೆ ಬರಲೆಂದೇ ಜಾರಿಕೆಯ ವಸ್ತುವನ್ನು ಮಾರಾಟಕ್ಕೆ ಮುನ್ನ ಬೆರೆಸುತ್ತಾರೆ. ಸಸ್ಯದ ಎಣ್ಣೆ ಮುಂತಾದವುಗಳಿಂದ ಮಾಡುವ ಬಯೋಡೀಸೆಲ್ ಕೆಲವು ಶೇಕಡಾ ಬೆರೆತರೂ ಜಾರಿಕೆ ಚೆನ್ನಾಗಿಯೇ ಸುಧಾರಿಸುತ್ತದೆ. ಹೀಗಾಗಿ ಮಾನದಂಡಕ್ಕೆ ಸರಿಯಾದ ಹೊಸ ಡೀಸೆಲ್‌ಗೆ ಮತ್ತೆ ಜಾರಿಕೆಯ ದ್ರವ ಸುರಿದು ಹೆಚ್ಚಿನ ಲಾಭವಿಲ್ಲ.

ಹಾಗಾದರೆ ನಾನು ಆ್ಯಡಿಟಿವ್ ಹಾಕಬೇಕೇ, ಬೇಡವೇ?

ನಂಬಿಕೆಯ ಕಡೆಯಿಂದ ಡೀಸೆಲ್ ತಂದು, ವಾರ ಹದಿನೈದು ದಿನದಲ್ಲಿ ಖರ್ಚು ಮಾಡುತ್ತಾ, ಫಿಲ್ಟರ್‌ಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದರೆ ಬೇಡ. ತಿಂಗಳುಗಟ್ಟಲೆ ಟ್ಯಾಂಕಿನಲ್ಲೋ ಡ್ರಮ್ಮಿನಲ್ಲೋ ಡೀಸೆಲ್ ಇಡಬೇಕಾದಾಗ, ಹಳೆಯ ಎಂಜಿನ್‌ನ ಇಂಜೆಕ್ಟರ್ ಮಸಿ ಕಟ್ಟಿದೆ ಎಂದು ಪರೀಕ್ಷೆಯಲ್ಲಿ ಕಂಡಾಗ, ಚಳಿಯಿಂದ ಮೇಣ ಕಟ್ಟುವ ಕಡೆ, ಅಥವಾ ಸೀಟೇನ್ ಕಡಿಮೆ ಇರುವ ಡೀಸೆಲ್ ಬಿಟ್ಟರೆ ಬೇರೆ ಗತಿಯಿಲ್ಲದಾಗ ಆಯಾ ಕೆಲಸದ ಆ್ಯಡಿಟಿವ್ ಹಾಕುವುದಕ್ಕೆ ಅರ್ಥವಿದೆ.

ಸವೆದ ಪಂಪನ್ನಾಗಲಿ, ತುಂಡಾದ ಪಿಸ್ಟನ್ ರಿಂಗನ್ನಾಗಲಿ ಯಾವ ದ್ರವವೂ ಮತ್ತೆ ಕೂಡಿಸಲಾರದು.

ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 36 ಮೆಗಾಜೂಲ್ ಶಾಖ ಬರುತ್ತದೆ. ಆ್ಯಡಿಟಿವ್ ಹಾಕುವುದು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ, ಅಂದರೆ ಲೀಟರಿಗೆ 1 ಮಿಲಿ. ಆ ಒಂದು ಮಿಲಿ ದ್ರವ ತಾನಾಗಿ ಉರಿದು ಕೊಡುವ ಶಕ್ತಿ ಲೆಕ್ಕಕ್ಕೆ ಬರುವಂಥದ್ದಲ್ಲ. ಅದು ಮಾಡಬಹುದಾದದ್ದು ಒಂದೇ: ಎಂಜಿನ್ ಕಳೆದುಕೊಂಡಿದ್ದನ್ನು ವಾಪಸ್ ತರುವುದು. ಇಂಜೆಕ್ಟರ್ ಕೊಳೆಯಾಗಿದ್ದರೆ ಶುದ್ಧವಾದ ಮೇಲೆ ಡೀಸೆಲ್ ಉಳಿತಾಯ ಕಾಣಿಸಬಹುದು. ಇಂಜೆಕ್ಟರ್ ಮೊದಲೇ ಶುದ್ಧವಾಗಿದ್ದರೆ ಉಳಿಸಲು ಏನಿದೆ? ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಉಪಕರಣಗಳನ್ನು ನೆಚ್ಚಿ ದುಡ್ಡು ಕಳೆದುಕೊಳ್ಳಬೇಡಿ.

ಲಾಭವಾಯಿತೋ ಇಲ್ಲವೋ ಎಂದು ನಾನೇ ಅಳೆಯುವುದು ಹೇಗೆ?

ಟ್ರ್ಯಾಕ್ಟರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟ್ಯಾಂಕಿನ ಕುತ್ತಿಗೆಯಲ್ಲಿ ಒಂದು ಗುರುತಿನವರೆಗೆ ತುಂಬಿ. ಎಂಜಿನ್ ಬಿಸಿಯಾದ ಮೇಲೆ ಒಂದೇ ಹೊಲದಲ್ಲಿ, ಒಂದೇ ಉಪಕರಣ, ಒಂದೇ ಗೇರ್, ಒಂದೇ ಆಳದಲ್ಲಿ ಅಳತೆ ಮಾಡಿದ ಜಾಗವನ್ನು ಉತ್ತು, ಹೊರಟ ಜಾಗಕ್ಕೇ ಬಂದು ಅದೇ ಗುರುತಿನವರೆಗೆ ಅಳತೆ ಪಾತ್ರೆಯಿಂದ ಮತ್ತೆ ತುಂಬಿ. ಎಷ್ಟು ಲೀಟರ್ ಹಿಡಿಯಿತು ಎಂದು ಬರೆದಿಡಿ. ಆ್ಯಡಿಟಿವ್ ಇಲ್ಲದೆ ಮೂರು ಬಾರಿ, ಹಾಕಿ ಮೂರು ಬಾರಿ ಮಾಡಿದರೆ ಒಂದು ಅಂದಾಜು ಸಿಗುತ್ತದೆ. ಒಂದೇ ಬಾರಿಯ ಅಳತೆಯನ್ನು ನೆಚ್ಚಬೇಡಿ. ನೆಲದ ತೇವ ಸ್ವಲ್ಪ ಬದಲಾದರೂ ಡೀಸೆಲ್ ಖರ್ಚು ಬದಲಾಗುತ್ತದೆ, ಆ್ಯಡಿಟಿವ್‌ನಿಂದ ಆಗುವ ವ್ಯತ್ಯಾಸಕ್ಕಿಂತ ಅದೇ ದೊಡ್ಡದಿರಬಹುದು. ಟೈರಿನ ಗಾಳಿಯೂ, ಏರ್ ಫಿಲ್ಟರ್‌ನ ಧೂಳೂ ಹಾಗೆಯೇ.

ಡೀಸೆಲ್ ಚೆನ್ನಾಗಿದೆಯೇ ಎಂದು ಪ್ರಯೋಗಾಲಯವಿಲ್ಲದೆ ನೋಡಬಹುದೇ?

ನೀರು ಮತ್ತು ಕಸದ ವಿಷಯದಲ್ಲಿ ಚೆನ್ನಾಗಿಯೇ ನೋಡಬಹುದು. ಬೇಕಾದದ್ದು ಒಂದು ಲೀಟರಿನ ಶುಭ್ರವಾದ, ಒಣಗಿದ, ಬಣ್ಣವಿಲ್ಲದ ಗಾಜಿನ ಜಾಡಿ ಮಾತ್ರ. ಟ್ಯಾಂಕಿನ ತಳದಿಂದ, ಇಲ್ಲವೇ ಡೀಸೆಲ್‌ನ ನೀರನ್ನು ಬೇರ್ಪಡಿಸಿ ಬಟ್ಟಲಿನಲ್ಲಿ ಹಿಡಿಯುವ ವಾಟರ್ ಸೆಪರೇಟರ್‌ನ ಡ್ರೈನ್ ತಿರುಪಿನಿಂದ ಮುಕ್ಕಾಲು ಜಾಡಿ ಹಿಡಿಯಿರಿ. ಮೇಲಿನ ಪದರದ ಡೀಸೆಲ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ದೋಷವಿರುವುದು ತಳದಲ್ಲಿ.

ಜಾಡಿಯನ್ನು ಬೆಳಕಿಗೆ ಹಿಡಿದು, ಹಿಂದೆ ದಪ್ಪ ಅಕ್ಷರ ಮುದ್ರಿಸಿದ ಕಾಗದ ಇಡಿ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ, ಅಕ್ಷರಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮಂಜು ಮುಸುಕಿದಂತಿದ್ದರೆ ಸಣ್ಣ ಹನಿಗಳಾಗಿ ನೀರು ಬೆರೆತಿರಬಹುದು. ಚಳಿಯಿದ್ದರೆ ಮೇಣದ ಕಣಗಳೂ ಹಾಗೆಯೇ ಕಾಣುತ್ತವೆ, ಆದ್ದರಿಂದ ಜಾಡಿಯನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು ಇನ್ನೊಮ್ಮೆ ನೋಡಬೇಕು. ಮೇಣವಾಗಿದ್ದರೆ ಕರಗಿ ತಿಳಿಯಾಗುತ್ತದೆ.

ಈಗ ಜಾಡಿಯನ್ನು ಹಿಡಿದು ಗಿರ್ರನೆ ಸುತ್ತಿಸಿ, ಮಧ್ಯೆ ಸುಳಿ ಏಳಲಿ. ನಿಲ್ಲಿಸಿದೊಡನೆ ಸುಳಿಯ ಕಾಲಡಿಯಲ್ಲಿ ತಳದ ನಟ್ಟನಡುವೆ ಕಸವೆಲ್ಲ ಒಂದೆಡೆ ಸೇರುತ್ತದೆ. ಕೆಂಪು ಪುಡಿ ಕಂಡರೆ ತುಕ್ಕು. ಕಂದು ಮಣ್ಣಾದರೆ ತುಂಬುವಾಗ ಬಿದ್ದ ಧೂಳು. ಜಾರಾಡುವ ಕಪ್ಪು ಎಳೆಗಳಾದರೆ ಸೂಕ್ಷ್ಮಜೀವಿಗಳ ಲೋಳೆ. ಕೊನೆಗೆ ಜಾಡಿಗೆ ಮುಚ್ಚಳ ಹಾಕಿ, ಅಲುಗಾಡದ ಕಡೆ ಒಂದು ದಿನ ಬಿಡಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ಬೇರೆ ನಿಲ್ಲುತ್ತದೆ. ದೊಡ್ಡ ಟ್ಯಾಂಕ್ ಇರುವವರು ನೀರು ತಾಗಿದಾಗ ಬಣ್ಣ ಬದಲಿಸುವ ಪೇಸ್ಟನ್ನು ಅಳತೆ ಕಡ್ಡಿಯ ತುದಿಗೆ ಹಚ್ಚಿ ತಳಕ್ಕೆ ಇಳಿಸಿದರೆ ನೀರು ಎಷ್ಟು ಎತ್ತರಕ್ಕಿದೆ ಎಂಬುದೂ ತಿಳಿಯುತ್ತದೆ.

ಡೀಸೆಲ್‌ಗೆ ಬೆಂಕಿ ಹಚ್ಚಿ ನೋಡುವ, ಬಾಣಲೆಯಲ್ಲಿ ಕಾಯಿಸಿ ಚಟಪಟ ಸದ್ದು ಕೇಳುವ ಪರೀಕ್ಷೆಗಳನ್ನು ದಯವಿಟ್ಟು ಮಾಡಬೇಡಿ. ಅದರಲ್ಲಿ ಪೆಟ್ರೋಲ್ ಬೆರೆತಿದ್ದರೆ ಕೈ ಮುಖ ಸುಟ್ಟುಹೋಗುತ್ತದೆ.

ಬಣ್ಣ ನೋಡಿ ಗುಣಮಟ್ಟ ಹೇಳಬಹುದೇ?

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಚ್ಚಾ ತೈಲ, ಸಂಸ್ಕರಣೆ, ಬೆರೆಸಿದ ಬಣ್ಣಗಳಿಗೆ ತಕ್ಕಂತೆ ಡೀಸೆಲ್ ನೀರಿನಂತೆಯೂ ಇರಬಹುದು, ತಿಳಿ ಹಳದಿಯೂ ಇರಬಹುದು. ನಿಮ್ಮಲ್ಲೇ ಇಟ್ಟ ಡೀಸೆಲ್ ತಿಂಗಳು ಕಳೆದಂತೆ ಕಡು ಕಂದಾಗುತ್ತಾ, ಹುಳಿ ವಾಸನೆ ಬರುತ್ತಿದ್ದರೆ ಮಾತ್ರ ಅದು ಹಳಸುತ್ತಿದೆ ಎಂದರ್ಥ. ಹೊಸದಾಗಿ ತಂದಾಗಲೇ ಒಂದಿಷ್ಟನ್ನು ಬಾಟಲಿಯಲ್ಲಿ ಹಿಡಿದು ಕತ್ತಲಲ್ಲಿಟ್ಟರೆ ಆಮೇಲೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ಸಾಂದ್ರತೆ ಅಳೆದರೆ ಕಲಬೆರಕೆ ಗೊತ್ತಾಗುತ್ತದೆಯೇ?

ಒಂದು ಮಟ್ಟಿಗೆ ಗೊತ್ತಾಗುತ್ತದೆ. ಇದಕ್ಕೆ ದ್ರವದಲ್ಲಿ ತೇಲಿ ಸಾಂದ್ರತೆ ತೋರಿಸುವ ಹೈಡ್ರೋಮೀಟರ್, ಉಷ್ಣಮಾಪಕ ಮತ್ತು 500 ಮಿಲಿಯ ಎತ್ತರದ ಗಾಜಿನ ಕೊಳವೆ ಬೇಕು. ಇಎನ್ 590 ಪ್ರಕಾರ ಸಾಮಾನ್ಯ ಡೀಸೆಲ್‌ನ ಸಾಂದ್ರತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಮೀಟರಿಗೆ 820ರಿಂದ 845 ಕಿಲೋ. ನಿಮ್ಮ ಪ್ರದೇಶದ ಮಾನದಂಡದಲ್ಲಿ ಈ ಅಂಕಿಗಳು ಕೊಂಚ ಬೇರೆ ಇರಬಹುದು.

ಎಲ್ಲರೂ ತಪ್ಪುವುದು ಉಷ್ಣತೆಯಲ್ಲಿ. ಡೀಸೆಲ್ ಬಿಸಿಯಾದಂತೆ ಹಿಗ್ಗಿ ಹಗುರವಾಗುತ್ತದೆ, ಪ್ರತಿ ಡಿಗ್ರಿಗೆ ಸಾಂದ್ರತೆ ಸುಮಾರು 0.7 ಇಳಿಯುತ್ತದೆ. ಹೈಡ್ರೋಮೀಟರ್ 824 ತೋರಿಸಿ, ಡೀಸೆಲ್ 31 ಡಿಗ್ರಿ ಇದೆ ಎಂದುಕೊಳ್ಳಿ. 15ಕ್ಕಿಂತ 16 ಡಿಗ್ರಿ ಹೆಚ್ಚು. 16ನ್ನು 0.7ರಿಂದ ಗುಣಿಸಿದರೆ 11.2. ಅದನ್ನು 824ಕ್ಕೆ ಕೂಡಿಸಿದರೆ ಸುಮಾರು 835, ಅಂದರೆ ಮಿತಿಯೊಳಗೆ. ಈ ತಿದ್ದುಪಡಿ ಮಾಡದೆ ಬಿಸಿಲಲ್ಲಿ ಅಳೆದು, ಒಳ್ಳೆಯ ಡೀಸೆಲ್ ಮಾರಿದವರ ಮೇಲೆ ಸುಮ್ಮನೆ ಜಗಳಕ್ಕೆ ಹೋಗಬೇಡಿ.

ಸೀಮೆಎಣ್ಣೆ ಅಥವಾ ಪೆಟ್ರೋಲ್ ಬೆರೆತರೆ ಅಂಕಿ ಕೆಳಗಿಳಿಯುತ್ತದೆ. ಆದರೆ ಹಗುರವಾದದ್ದನ್ನೂ ಭಾರವಾದದ್ದನ್ನೂ ಒಟ್ಟಿಗೆ ಬೆರೆಸಿದರೆ ಅಂಕಿ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅಂಕಿ ತಪ್ಪಿದ್ದರೆ ಅನುಮಾನಪಡಬೇಕು, ಸರಿಯಿದ್ದ ಮಾತ್ರಕ್ಕೆ ಶುದ್ಧವೆಂದು ನಂಬಬಾರದು. ಸೀಟೇನ್ ಸಂಖ್ಯೆ, ಗಂಧಕ, ಜಾರಿಕೆ, ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಉಷ್ಣತೆ ಇವೆಲ್ಲ ಪ್ರಯೋಗಾಲಯದಲ್ಲಿಯೇ ತಿಳಿಯಬೇಕು. ಮೂಗು, ಬೆರಳುಗಳಿಂದ ಅವನ್ನು ಹೇಳುತ್ತೇನೆ ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ.

ಸ್ವಲ್ಪ ನೀರಿದ್ದರೆ ಏನಾಗುತ್ತದೆ? ಅದು ಎಲ್ಲಿಂದ ಬರುತ್ತದೆ?

ಇಎನ್ 590 ಒಂದು ಕಿಲೋ ಡೀಸೆಲ್‌ನಲ್ಲಿ 200 ಮಿಲಿಗ್ರಾಂವರೆಗೆ ನೀರನ್ನು ಒಪ್ಪುತ್ತದೆ. 60 ಲೀಟರ್ ಟ್ಯಾಂಕಿಗೆ ಲೆಕ್ಕ ಹಾಕಿದರೆ ಅದು ಸುಮಾರು 10 ಮಿಲಿ, ಎರಡು ಚಹಾ ಚಮಚದಷ್ಟು. ಅದಕ್ಕಿಂತ ಹೆಚ್ಚಿನದೆಲ್ಲ ಅಪಾಯ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೇಲ್ ಎಂಜಿನ್‌ನಲ್ಲಿ ಆ ಒತ್ತಡ 1600 ಬಾರ್ ದಾಟುವುದುಂಟು, ಇಂಜೆಕ್ಟರ್‌ನೊಳಗೆ ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಆ ಸಂದು ಎಷ್ಟು ಕಿರಿದೆಂದು ತಿಳಿದೀತು. ಅಂಥ ಕಡೆ ನೀರು ಹೊಕ್ಕರೆ ಜಾರಿಕೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತುಕ್ಕೂ ಹಿಡಿಯುತ್ತದೆ. ಹಳೆಯ ಟ್ರ್ಯಾಕ್ಟರ್‌ಗಳ ಯಾಂತ್ರಿಕ ಪಂಪ್ ಇದಕ್ಕಿಂತ ಸಹನಶೀಲ, ಆದರೂ ಅದಕ್ಕೂ ನೀರು ಶತ್ರುವೇ.

ನೀರು ಹೆಚ್ಚಾಗಿ ಬರುವುದು ಗಾಳಿಯಿಂದ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದಾಗ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಅದಕ್ಕೇ ದಿನದ ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಡಬೇಕು, ಬೆಳಗ್ಗೆಗೆ ಕಾಯಬಾರದು. ನಿಲ್ಲಿಸಿಟ್ಟ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಂತರೆ ಬಿರಡೆಯ ಸುತ್ತಿನಿಂದ ಒಳಗೆ ಇಳಿಯುತ್ತದೆ. ಡ್ರಮ್ ನೆರಳಿನಲ್ಲಿ, ಸೂರಿನ ಕೆಳಗೆ ಇರಲಿ. ಸೂರಿಲ್ಲದಿದ್ದರೆ ಬಿರಡೆಗಳ ಮೇಲೆ ನೀರು ನಿಲ್ಲದಂತೆ ಓರೆಯಾಗಿಡಿ. ಡ್ರಮ್ಮಿನಿಂದ ಎಳೆಯುವ ಪೈಪಿನ ಬಾಯಿ ತಳಕ್ಕೆ ತಾಗದೆ ನಾಲ್ಕು ಬೆರಳಷ್ಟು ಮೇಲಿರಬೇಕು. ಸತು ಲೇಪಿಸಿದ ಪಾತ್ರೆಯಲ್ಲಿ ಡೀಸೆಲ್ ಇಡಲೇಬಾರದು, ಸತುವಿನೊಡನೆ ಸೇರಿ ಸಾಬೂನಿನಂಥ ವಸ್ತುವಾಗಿ ಫಿಲ್ಟರ್ ಕಟ್ಟುತ್ತದೆ. ತಾಮ್ರವೂ ಬೇಡ, ಅದು ಡೀಸೆಲ್ ಬೇಗ ಹಳಸುವಂತೆ ಮಾಡುತ್ತದೆ.

ಫಿಲ್ಟರ್‌ನಲ್ಲಿ ಕಪ್ಪು ಲೋಳೆ ಸಿಕ್ಕಿತು. ಅದೇನು?

ಒಮ್ಮೆ ನನ್ನ ಟ್ರ್ಯಾಕ್ಟರ್ ಕೆಲಸದ ನಡುವೆ ಉಸಿರು ಕಟ್ಟಿದಂತೆ ನಿಂತಿತು. ಎರಡೇ ವಾರದ ಹಿಂದೆ ಹಾಕಿದ ಫಿಲ್ಟರ್. ಬಿಚ್ಚಿ, ಗರಗಸದಿಂದ ಡಬ್ಬಿಯನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿದೆ. ಮಡಿಕೆ ಮಡಿಕೆಗೂ ಕಪ್ಪು ಕಂದು ಲೋಳೆ, ಬೆರಳಿಗೆ ಹಸಿ ಪಾಚಿಯಂತೆ ಜಾರಿತು, ಕೊಳೆತ ಮೊಟ್ಟೆಯ ವಾಸನೆ. ಏಳು ತಿಂಗಳು ಮೂಲೆಯಲ್ಲಿ ಬಿಟ್ಟಿದ್ದ ಡ್ರಮ್ಮಿನ ಡೀಸೆಲ್ ಅದು. ತಪ್ಪು ನನ್ನದೇ ಆಗಿತ್ತು.

ಡೀಸೆಲ್ ಮತ್ತು ನೀರು ತಾಗುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಅವುಗಳ ವಾಸ ನೀರಿನಲ್ಲಿ, ಆಹಾರ ಡೀಸೆಲ್. ಅವು ಬಿಡುವ ಆಮ್ಲ ಟ್ಯಾಂಕಿನ ತಳವನ್ನೂ ಕೊರೆಯುತ್ತದೆ. ಬಯೋಡೀಸೆಲ್ ಹೆಚ್ಚಾಗಿ ಬೆರೆತಷ್ಟೂ ಡೀಸೆಲ್ ಹೆಚ್ಚು ತೇವ ಹಿಡಿಯುವುದರಿಂದ ಈ ಕಾಟಕ್ಕೆ ದಾರಿ ಸುಲಭ. ಇದಕ್ಕೆ ಬಯೋಸೈಡ್ ಎಂಬ ಆ್ಯಡಿಟಿವ್ ಇದೆ. ಆದರೆ ಮೊದಲು ತಳದ ನೀರನ್ನು ಪೂರ್ತಿ ತೆಗೆಯಿರಿ, ಸಾಧ್ಯವಾದರೆ ಟ್ಯಾಂಕನ್ನೇ ತೊಳೆಯಿರಿ. ಸತ್ತ ಲೋಳೆ ಎಲ್ಲಿಗೂ ಮಾಯವಾಗುವುದಿಲ್ಲ, ಕಳಚಿಕೊಂಡು ಫಿಲ್ಟರ್‌ಗೆ ಬರುತ್ತದೆ. ಹೀಗಾಗಿ ಮದ್ದು ಹಾಕಿದ ಮೇಲೆ ಒಂದೆರಡು ಫಿಲ್ಟರ್ ಬೇಗ ಬೇಗ ಬದಲಿಸಬೇಕಾಗುತ್ತದೆ. ಬಯೋಸೈಡ್ ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ನೀರು ತೆಗೆಯುವ ಆ್ಯಡಿಟಿವ್ ಹಾಕಿದರೆ ಸಾಲದೇ?

ಇದರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಬಗೆಗಳಿವೆ. ಒಂದು ನೀರನ್ನು ಡೀಸೆಲ್‌ನಿಂದ ಬೇರ್ಪಡಿಸಿ ತಳಕ್ಕಿಳಿಸುತ್ತದೆ, ಆಗ ಡ್ರೈನ್ ತಿರುಪಿನಿಂದ ಬಿಡಬಹುದು. ಇನ್ನೊಂದು ನೀರನ್ನು ಸಣ್ಣ ಹನಿಗಳಾಗಿ ಒಡೆದು ಡೀಸೆಲ್‌ನೊಳಗೇ ಬೆರೆಸಿಬಿಡುತ್ತದೆ. ಆಲ್ಕೋಹಾಲ್ ಇರುವ ಹಲವು ದ್ರವಗಳೂ ನೀರನ್ನು ಎಳೆದುಕೊಂಡು ಇಂಜೆಕ್ಟರ್‌ವರೆಗೆ ಒಯ್ಯುತ್ತವೆ, ಜಾರಿಕೆಯನ್ನೂ ತಗ್ಗಿಸುತ್ತವೆ. ಕಾಮನ್ ರೇಲ್ ಎಂಜಿನ್‌ಗೆ ನಾನು ಮೊದಲ ಬಗೆಯನ್ನು ಮಾತ್ರ ಒಪ್ಪುತ್ತೇನೆ. ವಾಟರ್ ಸೆಪರೇಟರ್‌ನ ಬಟ್ಟಲನ್ನು ದಿನವೂ ನೋಡುವ ಅಭ್ಯಾಸವಿದ್ದರೆ ಅದರ ಅಗತ್ಯವೂ ಅಪರೂಪ.

ಸೀಮೆಎಣ್ಣೆ, ಪೆಟ್ರೋಲ್, ಎಂಜಿನ್ ಆಯಿಲ್ ಬೆರೆಸುವ ಹಳೆಯ ರೂಢಿ ಸರಿಯೇ?

ಪೆಟ್ರೋಲ್ ಎಂದಿಗೂ ಬೇಡ. ಡೀಸೆಲ್ ಹೊತ್ತಿಕೊಳ್ಳುವ ಉಷ್ಣತೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ, ಪಂಪ್ ಒಣಗಿ ಸವೆಯುತ್ತದೆ. ಸೀಮೆಎಣ್ಣೆಯೂ ತೆಳುವು, ಅದರ ಜಾರಿಕೆ ಕಡಿಮೆ. ಜಾರಿಕೆಗೆಂದು ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಅದರಲ್ಲಿರುವ ಲೋಹದ ಅಂಶಗಳು ಉರಿದು ಬೂದಿಯಾಗಿ ಹೊಗೆ ಶೋಧಕದಲ್ಲಿ ಕಟ್ಟಿಕೊಳ್ಳುತ್ತವೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗದು. ಬಳಸಿದ ಹಳೆಯ ಆಯಿಲ್‌ನಲ್ಲಂತೂ ಲೋಹದ ಪುಡಿಯೇ ಇರುತ್ತದೆ.

ಹೊಗೆ ನೋಡಿ ಡೀಸೆಲ್ ಕೆಟ್ಟಿದೆ ಎನ್ನಬಹುದೇ?

ಅಷ್ಟು ಬೇಗ ಬೇಡ. ಕಪ್ಪು ಹೊಗೆಗೆ ಹೆಚ್ಚಾಗಿ ಕಾರಣ ಕಟ್ಟಿಕೊಂಡ ಏರ್ ಫಿಲ್ಟರ್, ಮಿತಿಮೀರಿದ ಹೊರೆ ಅಥವಾ ಹನಿ ಸೋರುವ ಇಂಜೆಕ್ಟರ್. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಹೆಚ್ಚಾಗಿ ಉರಿಯದ ಡೀಸೆಲ್‌ನದ್ದು, ತಣ್ಣನೆಯ ಎಂಜಿನ್‌ನಲ್ಲಿ ಸ್ವಲ್ಪ ಹೊತ್ತು ಸಹಜ. ಬಿಸಿಯಾದ ಮೇಲೂ ಬರುತ್ತಿದ್ದರೆ ಸೀಟೇನ್ ಕಡಿಮೆ ಇರುವುದು, ನೀರು, ಡೀಸೆಲ್ ಸಿಂಪಡಿಸುವ ಹೊತ್ತಿನ ಹೊಂದಾಣಿಕೆ (ಟೈಮಿಂಗ್) ಇವನ್ನು ಒಂದೊಂದಾಗಿ ನೋಡಬೇಕು. ಡೀಸೆಲ್ ತುಂಬಿಸಿದ ಮರುಗಳಿಗೆಯಿಂದಲೇ ತೊಂದರೆ ಶುರುವಾಗಿದ್ದರೆ ಮಾತ್ರ ಮೊದಲ ಅನುಮಾನ ಡೀಸೆಲ್ ಮೇಲೆ.

ಚಳಿಗೆ ಹಾಕುವ ಆ್ಯಡಿಟಿವ್ ಯಾವಾಗ ಹಾಕಬೇಕು?

ಮೇಣ ಕಟ್ಟುವ ಮೊದಲು. ಅದು ಮೇಣದ ಹರಳುಗಳು ದೊಡ್ಡದಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ಕಟ್ಟಿದ ಮೇಣವನ್ನು ಕರಗಿಸುವುದಿಲ್ಲ.

ಪ್ರಮಾಣ ಸ್ವಲ್ಪ ಹೆಚ್ಚಾದರೆ ಒಳ್ಳೆಯದಲ್ಲವೇ?

ಅಲ್ಲ. ಸಾವಿರಕ್ಕೆ ಒಂದು ಎಂದಿದ್ದರೆ 60 ಲೀಟರ್‌ಗೆ 60 ಮಿಲಿ, ಬಾಟಲಿಯ ಮುಚ್ಚಳದಲ್ಲಿ ಅಂದಾಜು ಮಾಡದೆ ಗೆರೆಯಿರುವ ಅಳತೆ ಪಾತ್ರೆಯಲ್ಲಿ ಹಿಡಿಯಿರಿ. ಟ್ಯಾಂಕಿನಲ್ಲಿ ಉಳಿದ ಡೀಸೆಲ್‌ಗೆ ಮೊದಲೇ ಹಾಕಿದ್ದರೆ ಈಗ ತುಂಬಿಸುವಷ್ಟಕ್ಕೆ ಮಾತ್ರ ಲೆಕ್ಕ. ಆ್ಯಡಿಟಿವ್ ಮೊದಲು ಹಾಕಿ ಮೇಲೆ ಡೀಸೆಲ್ ಬಿಟ್ಟರೆ ತಾನಾಗಿ ಬೆರೆಯುತ್ತದೆ. ಎರಡು ಬಗೆಯ ಬಾಟಲಿಗಳನ್ನು ಒಟ್ಟಿಗೆ ಹಾಕಬೇಡಿ. ವರ್ಷಗಳ ಕೊಳೆಯಿರುವ ಟ್ಯಾಂಕಿಗೆ ಜೋರಾದ ಡಿಟರ್ಜೆಂಟ್ ಸುರಿದರೆ ಕೊಳೆಯೆಲ್ಲ ಒಮ್ಮೆಲೇ ಎದ್ದು ಫಿಲ್ಟರ್ ಕಟ್ಟುತ್ತದೆ, ಹೊಸ ಫಿಲ್ಟರ್ ಕೈಯಲ್ಲಿಟ್ಟುಕೊಂಡೇ ಆ ಕೆಲಸಕ್ಕೆ ಇಳಿಯಿರಿ.

ವಾರಂಟಿಗೆ ತೊಂದರೆ ಆಗುತ್ತದೆಯೇ?

ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಇಂಧನದ ಅಧ್ಯಾಯ ಓದಿ. ಒಪ್ಪಿಗೆಯಿಲ್ಲದ ಆ್ಯಡಿಟಿವ್ ಹಾಕಿ ಹಾನಿಯಾದರೆ ತಯಾರಕರು ಹೊಣೆ ಹೊರಲು ನಿರಾಕರಿಸಬಹುದು.

ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ದ್ರವವೂ ಡೀಸೆಲ್‌ಗೆ ಹಾಕುವ ಆ್ಯಡಿಟಿವ್ ತಾನೇ?

ಅಲ್ಲವೇ ಅಲ್ಲ. ಅದು ನೀರಿನಲ್ಲಿ ಕರಗಿಸಿದ 32.5 ಶೇಕಡಾ ಯೂರಿಯಾ. ಅದಕ್ಕೆ ಬೇರೆಯೇ ಟ್ಯಾಂಕ್ ಇರುತ್ತದೆ, ಮುಚ್ಚಳ ಸಾಮಾನ್ಯವಾಗಿ ನೀಲಿ. ಅದನ್ನು ಸಿಂಪಡಿಸುವುದು ಎಂಜಿನ್‌ನಿಂದ ಹೊರಬಂದ ಹೊಗೆಗೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀಲಿಯನ್ನು ತಿರುಗಿಸಲೇಬೇಡಿ. ಎಂಜಿನ್ ಸ್ಟಾರ್ಟ್ ಆಗದಿದ್ದರೂ ಕೀಲಿ ತಿರುಗಿಸಿದೊಡನೆ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ವಿದ್ಯುತ್ ಪಂಪ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಅದು ಡೀಸೆಲ್‌ಗಿಂತ ಭಾರ, ತಳದಲ್ಲಿ ಸೇರಿರುತ್ತದೆ. ಟ್ಯಾಂಕ್ ಪೂರ್ತಿ ಇಳಿಸಿ ತೊಳೆಸಬೇಕು. ಡಿಇಎಫ್ ಟ್ಯಾಂಕಿಗೆ ಡೀಸೆಲ್ ಬಿದ್ದರೂ ಅಷ್ಟೇ ದೊಡ್ಡ ಅನಾಹುತ.

ಕೆಟ್ಟ ಡೀಸೆಲ್ ತುಂಬಿಸಿಕೊಂಡೆನೆಂಬ ಅನುಮಾನ ಬಂದರೆ ಮೊದಲು ಏನು ಮಾಡಲಿ?

ಎಂಜಿನ್ ನಿಲ್ಲಿಸಿ. ಆ್ಯಡಿಟಿವ್ ಹಾಕಿ ಸರಿಮಾಡಲು ಹೋಗಬೇಡಿ, ಹಾಕಿದರೆ ಮಾದರಿಯೇ ಕೆಡುತ್ತದೆ. ಟ್ಯಾಂಕಿನ ತಳದಿಂದ ಎರಡು ಶುದ್ಧ ಗಾಜಿನ ಅಥವಾ ಲೋಹದ ಪಾತ್ರೆಗಳಲ್ಲಿ ಒಂದೊಂದು ಲೀಟರ್ ಹಿಡಿದು, ಬಿಗಿಯಾಗಿ ಮುಚ್ಚಿ, ದಿನಾಂಕ, ಹೊತ್ತು, ಎಲ್ಲಿ ತುಂಬಿಸಿದ್ದು ಎಂದು ಚೀಟಿ ಅಂಟಿಸಿ. ಕೊಂಡ ರಸೀದಿ ಜತೆಗಿರಲಿ. ಒಂದು ಪಾತ್ರೆ ಪರೀಕ್ಷೆಗೆ, ಇನ್ನೊಂದು ನಿಮ್ಮ ಬಳಿ. ಹಳೆಯ ಫಿಲ್ಟರನ್ನು ಎಸೆಯದೆ ಚೀಲದಲ್ಲಿ ಕಟ್ಟಿಡಿ, ಅದೂ ಸಾಕ್ಷಿ.

ಆಮೇಲೆ ಟ್ಯಾಂಕ್ ಖಾಲಿ ಮಾಡಿ, ವಾಟರ್ ಸೆಪರೇಟರ್ ಬಟ್ಟಲು ತೊಳೆದು, ಡೀಸೆಲ್‌ನ ಎರಡೂ ಫಿಲ್ಟರ್ ಹೊಸದು ಹಾಕಿ. ಹೊಸ ಫಿಲ್ಟರನ್ನು ತೆರೆದ ಡಬ್ಬದ ಡೀಸೆಲ್‌ನಿಂದ ತುಂಬಿ ಕೂರಿಸುವ ಅಭ್ಯಾಸ ಕಾಮನ್ ರೇಲ್ ಎಂಜಿನ್‌ಗೆ ಬೇಡ, ಸೋಸದ ಡೀಸೆಲ್ ಶುದ್ಧ ಬದಿಗೆ ಇಳಿಯುತ್ತದೆ. ಖಾಲಿ ಕೂರಿಸಿ, ಕೈಪಂಪ್ ಒತ್ತಿ ಗಾಳಿ ತೆಗೆಯಿರಿ. ಟ್ಯಾಂಕಿನ ಮುಚ್ಚಳ ಬಿಚ್ಚುವ ಮುನ್ನ ಸುತ್ತಲ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಆಮೇಲೆ ಹೊಸ ಡೀಸೆಲ್ ತುಂಬಿ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹೊರೆಯಿಲ್ಲದೆ ಓಡಿಸಿ, ನಿಲ್ಲಿಸಿ, ಬಟ್ಟಲಿನ ತಳವನ್ನು ಬೆಳಕು ಹಾಯಿಸಿ ಇನ್ನೊಮ್ಮೆ ನೋಡಿ.